ತೊರಕೆ ಮತ್ತು ಮುಟ್ಟಿದರೆ ಮುನಿ

ಕಡಲತಳದ ಮರಳಿನಲ್ಲಿ ಹುದುಗಿರುವ ತೊರಕೆ ಮೀನಿಗೂ ಹೊಲದ ಬದುವಿನಲ್ಲಿ ನಸುಗೆಂಪು ಹೂ ಬಿಡುವ ಮುಟ್ಟಿದರೆ ಮುನಿ ಗಿಡಕ್ಕೂ ಏನು ಸಾಮ್ಯ? ಒಂದು ಈಜಾಡಿ ಮರಿ ಹಾಕುತ್ತದೆ. ಇನ್ನೊಂದು ಬೇರೂರಿ ನಿಂತು ಬೀಜದಿಂದ ವಂಶ ಬೆಳೆಸುತ್ತದೆ.

ಜೈನದರ್ಶನದಲ್ಲಿ ತೊರಕೆಯು ತ್ರಸಜೀವಿ. ಐದು ಇಂದ್ರಿಯ, ಮನ-ವಚನ-ಕಾಯಗಳೆಂಬ ಮೂರು ಬಲ, ಆಯು, ಶ್ವಾಸೋಚ್ಛ್ವಾಸ ಸೇರಿ ಅದಕ್ಕೆ 10 ಪ್ರಾಣಗಳು. ಗಿಡವು ಸ್ಥಾವರ, ಸ್ಪರ್ಶನೇಂದ್ರಿಯ, ಕಾಯಬಲ, ಆಯು, ಶ್ವಾಸೋಚ್ಛ್ವಾಸವೆಂಬ 4 ಪ್ರಾಣಗಳು ಮಾತ್ರ. ಆದರೆ ಆ ಒಂದೇ ಇಂದ್ರಿಯ ಎಷ್ಟು ಸೂಕ್ಷ್ಮವೆಂಬುದನ್ನು ಬೆರಳು ತಗಲಿದೊಡನೆ ಮಡಚಿಕೊಳ್ಳುವ ಎಲೆಗಳೇ ತೋರಿಸುತ್ತವೆ. ಪ್ರಾಣಗಳ ಎಣಿಕೆಯಲ್ಲಿ ಅಂತರವಿದೆ, ಜೀವದ್ರವ್ಯದ ಸ್ವರೂಪದಲ್ಲಿಲ್ಲ.

ತೊರಕೆಯನ್ನು ಕೊಲ್ಲದಿರುವುದು ಅಣುವ್ರತಿಯಾದ ಶ್ರಾವಕನಿಗೆ ಕಷ್ಟವೇನಲ್ಲ. ಅವನ ಪರೀಕ್ಷೆ ನಡೆಯುವುದು ಅಂಗಳದಲ್ಲಿ. ಅಡುಗೆಗೆ ಕಾಯಿಪಲ್ಯ ಕೊಯ್ಯುವುದು ಗೃಹಸ್ಥನಿಗೆ ಅನಿವಾರ್ಯ. ಮಾತನಾಡುತ್ತ ನಿಂತಲ್ಲಿ ಎಲೆ ಚಿವುಟುವುದು, ದಾರಿಬದಿಯ ಗಿಡವನ್ನು ಕೋಲಿನಿಂದ ಬಡಿಯುವುದು ಯಾರ ಹಸಿವನ್ನೂ ನೀಗಿಸುವುದಿಲ್ಲ. ಇಂತಹ ನಿಷ್ಪ್ರಯೋಜಕ ಹಿಂಸೆಯನ್ನು ಆಚಾರ್ಯರು ಪ್ರಮಾದಚರ್ಯೆ ಎಂದು ಕರೆದು, ಅನರ್ಥದಂಡವಿರತಿ ವ್ರತದಲ್ಲಿ ನಿಷೇಧಿಸಿದ್ದಾರೆ.

ದೊಡ್ಡ ಜೀವಿಯನ್ನು ಉಳಿಸಿದ ಹೆಮ್ಮೆಯಲ್ಲಿ ಸಣ್ಣ ಜೀವಿಯನ್ನು ಮರೆಯುವುದೂ ಪ್ರಮಾದವೇ. ಎಲೆಯತ್ತ ಚಾಚಿದ ಕೈ, ಇದು ಅಗತ್ಯವೇ ಎಂದು ಒಂದು ಕ್ಷಣ ತಡೆದರೆ ವ್ರತ ಉಳಿದೀತು.