ಕೀಟಲೆಯ ವಕ್ತಾರ

2004ರ ಡಿಸೆಂಬರ್ 3. ಭೋಪಾಲ್ ಅನಿಲ ದುರಂತಕ್ಕೆ ಇಪ್ಪತ್ತು ವರ್ಷ. ಬಿಬಿಸಿ ವರ್ಲ್ಡ್‌ನಲ್ಲಿ ಟೈ ಕಟ್ಟಿದ ಮಹಾಶಯನೊಬ್ಬ, ಯೂನಿಯನ್ ಕಾರ್ಬೈಡನ್ನು ಕೊಂಡಿದ್ದ ಡೌ ಕೆಮಿಕಲ್ ಕಂಪನಿಯ ವಕ್ತಾರನೆಂದು ಕಾಣಿಸಿಕೊಂಡ. ಹೊಣೆ ನಮ್ಮದೇ, 1,200 ಕೋಟಿ ಡಾಲರ್ ಕೊಡುತ್ತೇವೆ, ಕಾರ್ಖಾನೆಯ ವಿಷವನ್ನೂ ತೆಗೆಸುತ್ತೇವೆ ಎಂದುಬಿಟ್ಟ. ಕಂಪನಿಗಳಿಗೂ ಕರುಳುಂಟೆ ಎಂದು ಬೆರಗಾಗಬೇಡಿ. ಆತ ಅಮೆರಿಕದ ‘ಯೆಸ್ ಮೆನ್’ ಎಂಬ ಕೀಟಲೆ ತಂಡದವನು. ನಕಲಿ ವೆಬ್‌ಸೈಟ್ ನಂಬಿ ಬಿಬಿಸಿಯವರೇ ಕರೆಸಿದ್ದರು!

ಡೌ ಷೇರು ಕುಸಿಯಿತು. ಅಂಥ ಪರಿಹಾರದ ಮಾತೇ ಇಲ್ಲ ಎಂದು ಕಂಪನಿ ತನ್ನ ಬಾಯಿಂದಲೇ ಲೋಕಕ್ಕೆ ಸಾರಬೇಕಾಯಿತು. ಕೀಟಲೆ ಗೆದ್ದದ್ದು ಇಲ್ಲಿ. ಆದರೆ ಭೋಪಾಲಿನಲ್ಲಿ ಸುದ್ದಿ ನಂಬಿ ಹಿಗ್ಗಿದವರೂ ಇದ್ದರು. ಆ ಒಂದೆರಡು ಗಂಟೆಯ ಮಟ್ಟಿಗೆ ಏಟು ಅವರಿಗೂ ಬಿತ್ತು.

ಕಾರ್ಖಾನೆಯಲ್ಲಿ ಕೂಡಿಟ್ಟಿದ್ದ 337 ಟನ್ ವಿಷತ್ಯಾಜ್ಯ ಊರು ಬಿಟ್ಟದ್ದು 2025ರ ಜನವರಿಯಲ್ಲಿ. ಖರ್ಚು ಸರ್ಕಾರದ್ದು.