ಟ್ರೈಲರ್‌ಗೆ ಎತ್ತರದ ಪಕ್ಕೆ: ಲಾಭದ ಜೊತೆಗೆ ಹೊಣೆಯೂ ಇರಲಿ

ಕಾಗದದ ಕಾರ್ಖಾನೆಗಳಿಗೆ ಕಚ್ಚಾವಸ್ತುವಾಗಿಯೂ ಬಾಯ್ಲರ್‌ಗಳಿಗೆ ಇಂಧನವಾಗಿಯೂ ಬಳಕೆಯಾಗುವ ಮರದ ಚಿಪ್ಸ್ ಸಾಗಣೆಯಲ್ಲಿ ಒಂದು ಹಳೆಯ ತೊಡಕಿದೆ. ಸರಕು ಹಗುರ, ಆದರೆ ಅದು ಬೇಡುವ ಜಾಗ ಹೆಚ್ಚು. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಎರಡು ಅಡಿ ಎತ್ತರದ ಟಿಪ್ಪಿಂಗ್ ಟ್ರೈಲರ್‌ನಲ್ಲಿ 120 ಘನ ಅಡಿ ಸ್ಥಳವಿರುತ್ತದೆ. ಚಿಪ್ಸ್ ಒಣಗಿದ್ದರೆ ಅದರಲ್ಲಿ ಸುಮಾರು 700 ಕಿಲೋ, ಹಸಿಯಿದ್ದರೆ ಸುಮಾರು 1.2 ಟನ್ ಮಾತ್ರ ಹಿಡಿಯುತ್ತದೆ. ಟ್ರೈಲರ್ ತುಂಬಿದರೂ ಅದರ ಸಾಮರ್ಥ್ಯದ ಬಹುಪಾಲು ಬಳಕೆಯಾಗದೆ ಉಳಿಯುತ್ತದೆ. ಡೀಸೆಲ್ ವೆಚ್ಚವಂತೂ ತಪ್ಪದು.

ಪಕ್ಕೆಗಳನ್ನು ಐದು ಅಡಿಗೆ ಏರಿಸಿದರೆ ಐದು ಟ್ರಿಪ್ಪಿನ ಸರಕು ಎರಡು ಟ್ರಿಪ್ಪಿನಲ್ಲಿ ಮುಗಿಯುತ್ತದೆ. ಇಷ್ಟು ಸ್ಪಷ್ಟವಾದ ಉಳಿತಾಯವನ್ನು ಯಾವ ವ್ಯಾಪಾರಿಯೂ ಕಡೆಗಣಿಸಲಾರ. ಆದರೆ ಈ ಕೆಲಸವನ್ನು ಸಮೀಪದ ವೆಲ್ಡಿಂಗ್ ಶಾಪ್‌ನಲ್ಲಿ ಒಂದೇ ದಿನದಲ್ಲಿ ಮುಗಿಸಿಕೊಳ್ಳುವ ಪರಿಪಾಠ ಮಾತ್ರ ಸಮರ್ಥನೀಯವಲ್ಲ.

ಮೊದಲನೆಯ ಅಪಾಯ ಸರಕು ಬದಲಾದಾಗ ಒದಗುತ್ತದೆ. ಐದು ಅಡಿಯ ಟ್ರೈಲರ್‌ನಲ್ಲಿ ಹಸಿ ಚಿಪ್ಸ್ ಸುಮಾರು ಮೂರು ಟನ್ ತೂಗಿದರೆ, ಅಷ್ಟೇ ಮರಳು ಹದಿಮೂರು ಟನ್ನಿಗೂ ಮಿಗಿಲಾಗುತ್ತದೆ. ಶಾಶ್ವತವಾಗಿ ಬೆಸುಗೆ ಹಾಕಿದ ಪಕ್ಕೆ ಮುಂದಿನ ಹಂಗಾಮಿನಲ್ಲಿ ಮರಳು, ಜಲ್ಲಿಗೂ ಆಹ್ವಾನ ನೀಡುತ್ತದೆ. ಆಕ್ಸಲ್, ಟೈರು, ಬ್ರೇಕುಗಳು ಅದನ್ನು ತಾಳಲಾರವು. ಆದುದರಿಂದ ಬೋಲ್ಟ್ ಅಥವಾ ಪಿನ್ ಬಿಚ್ಚಿ ತೆಗೆದಿಡಬಹುದಾದ ಪಕ್ಕೆಗಳೇ ಯೋಗ್ಯ. ಪಕ್ಕೆಗಳು ಹೊರಕ್ಕೆ ಬಾಗದಂತೆ ಕಂಬಗಳಿಗೆ ಗಟ್ಟಿ ಆಂಗಲ್, ಮೇಲ್ಭಾಗದಲ್ಲಿ ಅಡ್ಡ ಸರಪಳಿ ಮತ್ತು ಸರಕು ಹಾರದಂತೆ ಟಾರ್ಪಾಲು ಇರುವುದು ಅಗತ್ಯ.

ಎರಡನೆಯ ಅಪಾಯ ಸುರಿಯುವಾಗ ಎದುರಾಗುತ್ತದೆ. ಚಿಪ್ಸ್ ಒಂದಕ್ಕೊಂದು ಹೆಣೆದುಕೊಂಡು ಬಾಗಿಲಲ್ಲಿ ಕಮಾನಿನಂತೆ ಸಿಕ್ಕಿಕೊಳ್ಳುತ್ತದೆ. ಮೇಲೆತ್ತಿದ ಟ್ರೈಲರ್‌ನ ತುದಿಯಲ್ಲಿ ತೂಕ ಉಳಿದರೆ, ಇಳಿಜಾರಿನ ನೆಲದಲ್ಲಿ ಅದು ಮಗುಚಿ ಬೀಳುವುದು ಸುಲಭ. ಹಿಂಬಾಗಿಲು ಪೂರ್ಣ ಎತ್ತರಕ್ಕೆ ತೆರೆದುಕೊಳ್ಳಬೇಕು. ಸಮತಟ್ಟಾದ ನೆಲದಲ್ಲಿ, ಮೇಲಿನ ವಿದ್ಯುತ್ ತಂತಿಗಳನ್ನು ನೋಡಿಕೊಂಡೇ ಸುರಿಯಬೇಕು. ಅಂಟಿಕೊಂಡ ಸರಕನ್ನು ಕೆಡವಲು ಕೂಲಿಯಾಳನ್ನು ಎತ್ತಿದ ಟ್ರೈಲರ್‌ನೊಳಗೆ ಇಳಿಸುವುದಂತೂ ಪ್ರಾಣದೊಡನೆ ಆಡುವ ಆಟ.

ಮೂರನೆಯದು ಕಾನೂನು. ತಯಾರಕರು ನಿಗದಿಪಡಿಸಿದ ವಿವರಗಳಿಗೂ ನೋಂದಣಿ ಪತ್ರಕ್ಕೂ ವ್ಯತ್ಯಾಸ ಬರುವಂಥ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯು ಅನಧಿಕೃತ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಿದೆ. ಅತಿಭಾರಕ್ಕೆ 20,000 ರೂಪಾಯಿ ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಅಪಘಾತವಾದರೆ ವಿಮಾ ಕಂಪನಿ ತಕರಾರು ಎತ್ತುವುದಕ್ಕೂ ಇದೇ ದಾರಿ. ಟ್ರಿಪ್ಪುಗಳಲ್ಲಿ ಉಳಿಸಿದ ಹಣ ಒಂದೇ ತಪಾಸಣೆಯಲ್ಲಿ ಕೈಬಿಟ್ಟು ಹೋಗಬಹುದು.

ಹೊಣೆ ಟ್ರೈಲರ್ ಮಾಲೀಕರದು ಮಾತ್ರವಲ್ಲ. ಸರಕು ಕೊಳ್ಳುವ ಕಾರ್ಖಾನೆಗಳು ಟ್ರಿಪ್ಪಿನ ಲೆಕ್ಕ ಬಿಟ್ಟು ವೇ ಬ್ರಿಡ್ಜ್ ತೂಕದ ಮೇಲೆ ಹಣ ಪಾವತಿಸಬೇಕು. ಸುರಿಯಲು ಸಮತಟ್ಟಾದ ಅಂಗಳ ಒದಗಿಸಬೇಕು. ಟ್ರೈಲರ್ ತಯಾರಿಸುವ ಸಣ್ಣ ಉದ್ದಿಮೆದಾರರು ತೂಕದ ಮಿತಿಯನ್ನು ಪಕ್ಕೆಯ ಮೇಲೆಯೇ ಬರೆದುಕೊಡಬೇಕು, ನಕ್ಷೆಯೊಂದಿಗೆ ಆರ್.ಟಿ.ಓ. ಕಚೇರಿಯ ಲಿಖಿತ ಒಪ್ಪಿಗೆ ದೊರೆತ ಮೇಲೆಯೇ ಕೆಲಸ ಆರಂಭಿಸಬೇಕು. ಹೀಗೆ ತಯಾರಾದ ಪಕ್ಕೆ ವ್ಯಾಪಾರಕ್ಕೆ ಆಸರೆಯಾದೀತು. ಅವಸರದಲ್ಲಿ ಬೆಸೆದದ್ದು ಒಂದಲ್ಲ ಒಂದು ದಿನ ಮಾಲೀಕನ ಮೇಲೆಯೇ ಮಗುಚೀತು.