ಹಿಂಗಣ್ಣಿನ ವಿಚಾರ: ಈಗಲೋ, ಕೊಬ್ಬರಿ ಮಾರಿದ ಮೇಲೋ?



ಕಾಯುವ ವಿದ್ಯೆಯನ್ನು ನಮ್ಮ ಅಮ್ಮಸಂದ್ರದ ಸೀಮೆಯವರಿಗೆ ಯಾರೂ ಕಲಿಸಬೇಕಾದುದಿಲ್ಲ. ಬಲಿತ ಕಾಯನ್ನು ಇಳಿಸಿ, ಅಟ್ಟಕ್ಕೇರಿಸಿ, ಹತ್ತು ಹನ್ನೆರಡು ತಿಂಗಳು ಅದರ ಗೊಡವೆಗೆ ಹೋಗದಿದ್ದರೆ, ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ. ಬೆಲೆಯ ಮಾತಿನಲ್ಲಿಯೂ ಹೀಗೆಯೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿಗಳ ಬೆಂಬಲ ಬೆಲೆಯಿದ್ದರೂ ತಿಪಟೂರಿನ ಮಾರುಕಟ್ಟೆಯಲ್ಲಿ ಧಾರಣೆಯು ಅದಕ್ಕಿಂತ ಬಹಳ ಕೆಳಗಿಳಿಯಿತು. 2025ರಲ್ಲಿ ಬೆಂಬಲ ಬೆಲೆ 12,100 ಇದ್ದಾಗ ಅದೇ ಮಾರುಕಟ್ಟೆಯ ಧಾರಣೆ 20,000ವನ್ನು ದಾಟಿತು. ಇಂಥ ಏರಿಳಿತಗಳನ್ನು ಕಂಡ ಮನೆಗಳಲ್ಲಿ ಯಾವ ಖರ್ಚಿನ ಮಾತು ಬಂದರೂ ‘ಕೊಬ್ಬರಿ ಮಾರಲಿ, ಆಮೇಲೆ ನೋಡೋಣ’ ಎಂಬ ಉತ್ತರ ಬಾಯಿಗೆ ಮೊದಲು ಬರುವುದು ಸಹಜವೇ ಸರಿ. ನಾವೂ ಇದೇ ಮಾತನ್ನಾಡಿದೆವು. ಆಡಬಾರದ ಕಡೆ ಆಡಿದೆವೆಂಬುದು ತರುವಾಯ ತಿಳಿಯಿತು. ಆ ಸಂಗತಿಯನ್ನೇ ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಕಾರುಗಳ ಹಿಂಬದಿಯಲ್ಲಿ, ನಂಬರಿನ ಹಲಗೆಯ ಮೇಲ್ಗಡೆ, ಅಂಗಿಯ ಗುಂಡಿಯಷ್ಟಗಲದ ಒಂದು ಗಾಜಿನ ಕಣ್ಣಿರುವುದನ್ನು ವಾಚಕರು ನೋಡಿರಬಹುದು. ಜನರು ಅದನ್ನು ರಿವರ್ಸ್ ಕ್ಯಾಮೆರಾ ಎನ್ನುತ್ತಾರೆ. ನಮ್ಮ ತಾಯಿಯವರು ‘ಹಿಂಗಣ್ಣು’ ಎನ್ನುತ್ತಾರೆ. ಗಾಡಿಯನ್ನು ರಿವರ್ಸ್ ಗೇರಿಗೆ ಹಾಕಿದೊಡನೆ ಹಿಂಗಡೆಯ ಬಿಳಿಯ ದೀಪದೊಂದಿಗೆ ಈ ಕಣ್ಣೂ ಎಚ್ಚೆತ್ತು, ಬೆನ್ನ ಹಿಂದಣ ನೆಲವನ್ನು ಚಾಲಕನ ಮುಂದಿನ ಪರದೆಯಲ್ಲಿ ತೋರಿಸುತ್ತದೆ. ಕನ್ನಡಿಗಳಿಗೆ ಕಾಣದೆ ಉಳಿಯುವ ಜಾಗ, ಎಂದರೆ ಗಾಡಿಯ ಹಿಂದೆಯೇ ತಗ್ಗಿನಲ್ಲಿರುವ ಜಾಗ, ಇದಕ್ಕೆ ಕಾಣುತ್ತದೆ.

ನಮ್ಮ ಗಾಡಿಯ ಹಿಂಗಣ್ಣು ಕಳೆದ ಮಳೆಗಾಲದಲ್ಲಿ ಮಂಜಾಯಿತು. ಬಿಸಿಲೇರಿದರೆ ಸ್ವಲ್ಪ ತಿಳಿಯಾಗುವುದು, ಸಂಜೆಗೆ ಮತ್ತೆ ಮುಸುಕುವುದು. ಮೆಕ್ಯಾನಿಕ್ಕಿನ ಹುಡುಗನು ನೋಡಿ, “ಒಳಕ್ಕೆ ನೀರು ಹೋಗಿದೆ ಸಾರ್, ಬೇರೆ ಹಾಕಿಸಿಬಿಡಿ” ಎಂದನು. ನಾವು ಒಪ್ಪಲಿಲ್ಲ. ನಮ್ಮ ಬಳಿ ಮೂರು ಕಾರಣಗಳಿದ್ದುವು. ಮೂವತ್ತು ವರ್ಷ ಇಂಥ ಕಣ್ಣಿಲ್ಲದೆಯೇ ಗಾಡಿ ಓಡಿಸಿದ್ದೇವೆ ಎಂಬುದು ಮೊದಲನೆಯದು. ಇಂಥ ಸಾಮಾನುಗಳು ವರ್ಷ ವರ್ಷಕ್ಕೂ ಉತ್ತಮವಾಗುತ್ತಲೂ ಅಗ್ಗವಾಗುತ್ತಲೂ ಇವೆ, ತಡೆದಷ್ಟೂ ಲಾಭ ಎಂಬುದು ಎರಡನೆಯದು. ಬೆಲೆ ಕೂಡಿಬಂದರೆ ಗಾಡಿಯನ್ನೇ ಬದಲಿಸಬಹುದು, ಹಳೆಯದಕ್ಕೇಕೆ ಹಣ ಸುರಿಯಬೇಕು ಎಂಬುದು ಮೂರನೆಯದು. ಒಂದೊಂದೂ ತೂಕವುಳ್ಳ ಕಾರಣವೆಂದೇ ಈಗಲೂ ಹೇಳುತ್ತೇವೆ.

ಒಂದು ಸಂಜೆ ಅಮ್ಮಸಂದ್ರದ ಸ್ಟೇಷನ್ನಿಗೆ ಬರುವ ನೆಂಟರನ್ನು ಕರೆತರಲು ಹೊರಟಿದ್ದೆವು. ರೈಲಿನ ಹೊತ್ತಾಗಿತ್ತು. ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಪರದೆಯ ಮಬ್ಬಿನಲ್ಲಿ ಬೂದುಬಣ್ಣದ ಒಂದು ರಾಶಿ ಕಂಡಿತು. ಬೆಳಗ್ಗೆ ತೋಟದಿಂದ ಎಳೆತಂದಿದ್ದ ಗರಿಗಳ ರಾಶಿಯೆಂದುಕೊಂಡು, ಅದರ ಪಕ್ಕಕ್ಕೆ ಹಾಯಿಸೋಣವೆಂದು ಬ್ರೇಕನ್ನು ಸಡಿಲಿಸಿದೆವು. ಅಷ್ಟರಲ್ಲಿ ಜಗಲಿಯ ಮೇಲಿಂದ ಮಗನು “ಅಪ್ಪಾ, ಅಜ್ಜಿ! ಅಜ್ಜಿ!” ಎಂದು ಕೂಗಿಕೊಂಡನು. ಇಳಿದು ನೋಡಿದರೆ, ನಮ್ಮ ತಾಯಿಯವರು ಗಾಡಿಯ ನೆರಳಿನಲ್ಲಿ ಮಣೆ ಹಾಕಿಕೊಂಡು ಕುಳಿತು, ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದರು. ಅವರಿಗೂ ಬಂಪರಿಗೂ ನಡುವೆ ಒಂದು ಮೊಳ ಜಾಗವಿತ್ತು. ಅವರಿಗೆ ಕಿವಿ ಮಂದ. ತಲೆಯೆತ್ತಿ ನಮ್ಮ ಮುಖವನ್ನು ನೋಡಿ, “ಯಾಕಪ್ಪಾ, ನನ್ನನ್ನೂ ಗರಿ ರಾಶಿ ಅಂದ್ಕೊಂಡ್ಯಾ?” ಎಂದು ನಕ್ಕು, ಮತ್ತೆ ಕಡ್ಡಿ ಸೀಳತೊಡಗಿದರು. ನಮಗೆ ನಗು ಬರಲಿಲ್ಲ. ಆ ರಾತ್ರಿ ನಿದ್ದೆಯೂ ಬರಲಿಲ್ಲ.

ಇದು ನಮ್ಮೊಂದು ಮನೆಯ ಭಯವೇ ಎಂದು ವಿಚಾರಿಸಿ ನೋಡಿದಾಗ, ಹಾಗಲ್ಲವೆಂದು ತಿಳಿಯಬಂದಿತು. ಅಮೆರಿಕಾ ದೇಶದ ನ್ಯೂಯಾರ್ಕ್ ಸಂಸ್ಥಾನದಲ್ಲಿ 2002ರಲ್ಲಿ ಕ್ಯಾಮೆರಾನ್ ಗುಲ್‌ಬ್ರಾನ್ಸನ್ ಎಂಬ ಎರಡು ವರ್ಷದ ಮಗುವು, ಮಕ್ಕಳ ವೈದ್ಯರಾದ ತನ್ನ ತಂದೆಯೇ ಮನೆಯ ಮುಂದೆ ಹಿಮ್ಮುಖವಾಗಿ ನಡೆಸುತ್ತಿದ್ದ ಗಾಡಿಗೆ ಸಿಕ್ಕಿ ತೀರಿಕೊಂಡಿತು. ಆ ಮಗುವಿನ ಹೆಸರಿನಲ್ಲಿಯೇ 2008ರಲ್ಲಿ ಅಲ್ಲಿ ಒಂದು ಶಾಸನವಾಯಿತು. ಹಿನ್ನೋಟದ ನಿಯಮಗಳನ್ನು 2011ರೊಳಗೆ ರಚಿಸಬೇಕೆಂದು ಶಾಸನ ಹೇಳಿದರೂ ಗಡುವುಗಳು ಮುಂದೆ ಮುಂದೆ ಹೋದುವು. 2013ರಲ್ಲಿ ಗ್ರಾಹಕರ ಸಂಘಗಳೂ ಮಕ್ಕಳ ತಂದೆತಾಯಿಗಳೂ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ನಿಯಮವು ಹೊರಟದ್ದು 2014ರಲ್ಲಿ. ಎಲ್ಲ ಹೊಸ ಕಾರುಗಳಲ್ಲಿಯೂ ಹಿಂಬದಿಯ ಇಪ್ಪತ್ತಡಿ ಉದ್ದ ಹತ್ತಡಿ ಅಗಲದ ನೆಲ ಕಾಣಲೇಬೇಕೆಂಬ ಕಟ್ಟಳೆ ಪೂರ್ತಿಯಾಗಿ ಜಾರಿಗೆ ಬಂದುದು 2018ರ ಮೇ ತಿಂಗಳಲ್ಲಿ. ‘ಈಗಲೋ, ಆಮೇಲೋ’ ಎಂಬ ಪ್ರಶ್ನೆಯಲ್ಲಿ ಒಂದು ದೇಶವೇ ಹತ್ತು ವರ್ಷ ಕಳೆಯಿತು.

ಆ ನಿಯಮವನ್ನು ಹೊರಡಿಸಿದಾಗ ಅಲ್ಲಿಯ ಸರ್ಕಾರವು ಕೊಟ್ಟ ಲೆಕ್ಕವು ಹೀಗಿದೆ: ಹಿಮ್ಮುಖವಾಗಿ ಚಲಿಸುವ ಗಾಡಿಗಳಿಂದ ವರ್ಷಕ್ಕೆ ಸರಾಸರಿ 210 ಸಾವುಗಳು, 15,000 ಗಾಯಗಳು. ಸತ್ತವರಲ್ಲಿ ನೂರಕ್ಕೆ 31 ಮಂದಿ ಐದು ವರ್ಷದೊಳಗಿನ ಮಕ್ಕಳು. 26 ಮಂದಿ ಎಪ್ಪತ್ತು ದಾಟಿದ ವೃದ್ಧರು. ಅಂಗಳದಲ್ಲಿ ಹಗಲೆಲ್ಲ ಇರತಕ್ಕವರು ಯಾರೆಂದು ವಾಚಕರು ತಮ್ಮ ತಮ್ಮ ಮನೆಗಳಲ್ಲಿಯೇ ಎಣಿಸಿಕೊಳ್ಳಬಹುದು. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಮ್ಮುಖ ಚಲನೆಯಲ್ಲಿ ಸದ್ದು ಮಾಡಿ ಎಚ್ಚರಿಸುವ ಸೆನ್ಸರುಗಳು ಕಡ್ಡಾಯವಾದುವು. ನಮ್ಮ ಗಾಡಿ ಅದಕ್ಕಿಂತ ಹಳೆಯದು. ಮಂಜಾದ ಕಣ್ಣೊಂದೇ ಅದಕ್ಕೆ ದಿಕ್ಕಾಗಿತ್ತು.

ಇಲ್ಲಿ ಕೊಬ್ಬರಿಗೂ ಕ್ಯಾಮೆರಾಕ್ಕೂ ಇರುವ ಭೇದವು ನಮಗೆ ಹೊಳೆಯಿತು. ಕೊಬ್ಬರಿಯನ್ನು ತಡೆದಿಟ್ಟು ಧಾರಣೆ ಬಿದ್ದರೆ ನಷ್ಟವು ತಡೆದವನಿಗೇ. ಅವನು ಲೆಕ್ಕ ಹಾಕಿದನು, ಅವನೇ ತೆತ್ತನು, ಅದು ನ್ಯಾಯ. ಆದರೆ ಹಿಂಗಣ್ಣನ್ನು ಬದಲಿಸದೆ ತಡೆದವನು ಗಾಡಿಯೊಳಗೆ ಸುಖವಾಗಿ ಕುಳಿತಿರುತ್ತಾನೆ. ತೆರಬೇಕಾದವರು ಗಾಡಿಯ ಹಿಂದೆ ಇರುತ್ತಾರೆ. ಅವರನ್ನು ಯಾರೂ ‘ಇನ್ನೆರಡು ತಿಂಗಳು ತಡೆಯಬಹುದೇ?’ ಎಂದು ಕೇಳಿರುವುದಿಲ್ಲ. ಆದುದರಿಂದ ಯಾವ ದುರಸ್ತಿಯ ವಿಷಯದಲ್ಲಿಯೇ ಆಗಲಿ, ಕಾಯುವುದರ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆಂಬುದನ್ನು ಗೃಹಸ್ಥನು ಮೊದಲು ಕೇಳಿಕೊಳ್ಳತಕ್ಕದ್ದು. ತನ್ನ ತಲೆಯ ಮೇಲಾದರೆ ಧಾರಾಳವಾಗಿ ಕಾಯಲಿ.

ಹಾಗೆಂದು ಚಿತ್ರ ಕೆಟ್ಟಿತೆಂದೊಡನೆ ಅಂಗಡಿಗೆ ಓಡಬೇಕಾದುದಿಲ್ಲ. ಮೊದಲು ಗಾಜನ್ನು ಒದ್ದೆಯ ಮೆತ್ತನೆಯ ಬಟ್ಟೆಯಿಂದ ಒರೆಸಿ ನೋಡಬೇಕು. ತೋಟದ ದಾರಿಯ ಧೂಳೇ ಎಷ್ಟೋ ಸಲ ಕಾರಣವಾಗಿರುತ್ತದೆ. ಪರದೆ ಪೂರ್ತಿ ಕತ್ತಲಾಗಿದ್ದು, ಹಿಂಗಡೆಯ ಬಿಳಿಯ ದೀಪವೂ ಹತ್ತದಿದ್ದರೆ, ದೋಷವು ಫ್ಯೂಸಿನಲ್ಲಿಯೋ ಗೇರಿನ ಸ್ವಿಚ್ಚಿನಲ್ಲಿಯೋ ಇರಬಹುದು. ಡಿಕ್ಕಿಯ ಬಾಗಿಲನ್ನು ಅಲುಗಿಸಿದಾಗ ಚಿತ್ರ ಬಂದು ಹೋಗಿ ಮಾಡಿದರೆ, ಕೀಲಿನ ಬಳಿ ತಂತಿ ತುಂಡಾಗಿದೆಯೆಂದು ತಿಳಿಯಬೇಕು, ಕ್ಯಾಮೆರಾ ನೆಟ್ಟಗಿರುತ್ತದೆ. ಗಾಜಿನ ಒಳಮೈಯಲ್ಲಿ ಹನಿಗಳು ಕಂಡರೆ ಮಾತ್ರ ಅದಕ್ಕೆ ಆಯುಸ್ಸು ಮುಗಿದಂತೆಯೆ. ಬಿಸಿಲಿಗೆ ಒಣಗಿಸಿದರೆ ನಾಲ್ಕು ದಿನ ನಡೆದೀತು, ಅದು ದುರಸ್ತಿಯಲ್ಲ. ಗಾಡಿಗೆ ವಾರಂಟಿಯ ಅವಧಿ ಉಳಿದಿದ್ದರೆ, ತಂತಿಗಳಿಗೆ ಕೈ ಹಾಕಿಸದೆ ಮೊದಲು ಕೊಂಡ ಕಡೆಗೇ ಒಯ್ಯುವುದು ಮೇಲು.

ಹೊಸದನ್ನು ಹಾಕಿಸುವಾಗ, ಅದು ಹಳೆಯ ಪರದೆಗೆ ಹೊಂದುವ ಜಾತಿಯದೇ ಎಂದು ಜೋಡಿಸಿ ನೋಡಿಯೇ ದುಡ್ಡು ಕೊಡಬೇಕು. ಬಂಪರಿನಿಂದ ಒಂದು ಮೊಳಕ್ಕೊಂದು, ಎರಡು ಮಾರಿಗೊಂದು ತೆಂಗಿನಕಾಯನ್ನಿಟ್ಟು ಪರದೆಯಲ್ಲಿ ಹೇಗೆ ಕಾಣುತ್ತವೆಂದು ಪರೀಕ್ಷಿಸಬೇಕು. ಅಗಲವನ್ನು ತೋರುವ ಇಂಥ ಗಾಜುಗಳಲ್ಲಿ ಹತ್ತಿರದ ವಸ್ತು ದೂರವಿರುವಂತೆ ತೋರುವುದುಂಟು. ಎಡಕ್ಕಿಟ್ಟುದು, ಕನ್ನಡಿಯಲ್ಲಿರುವಂತೆ, ಎಡಕ್ಕೇ ಕಾಣಬೇಕು. ಕತ್ತಲಾದ ಮೇಲೆ ಇನ್ನೊಮ್ಮೆ ನೋಡಬೇಕು.

ಕಾಯಬಹುದಾದವರೂ ಇದ್ದಾರೆ. ಗಾಡಿಯನ್ನು ಈ ತಿಂಗಳೇ ಮಾರತಕ್ಕವರು, ಪರದೆಯೇ ಕೆಟ್ಟು ಎರಡನ್ನೂ ಒಟ್ಟಿಗೆ ಬದಲಿಸಬೇಕಾದವರು ಕಾಯಲಿ. ಆದರೆ ಬರಿದೆ ಕಾಯಬಾರದು. ಯಾವ ದಿನದವರೆಗೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಅಲ್ಲಿಯವರೆಗೆ ಅಂಗಳದಲ್ಲಿ ಹಿಮ್ಮುಖವಾಗಿ ಹೋಗಲೇಬಾರದು; ತೆಂಗಿನ ಮರವನ್ನು ಸುತ್ತಿಸಿಕೊಂಡು ಮುಂದಕ್ಕೇ ಹೊರಡುವಷ್ಟು ಜಾಗ ನಮ್ಮ ಕಡೆಯ ಅನೇಕ ಅಂಗಳಗಳಲ್ಲಿರುತ್ತದೆ. ಇಲ್ಲದಿದ್ದರೆ ದೊಡ್ಡವರೊಬ್ಬರು ಗಾಡಿಯ ಹಿಂದೆಯಲ್ಲ, ಚಾಲಕನಿಗೆ ಕಾಣುವಂತೆ ಪಕ್ಕದಲ್ಲಿ ನಿಂತು, ಮಕ್ಕಳ ಕೈ ಹಿಡಿದುಕೊಂಡಿರಬೇಕು.

ನಾವು ಮರುದಿನವೇ ಹೊಸದನ್ನು ಹಾಕಿಸಿದೆವು. ಕೂಲಿಯೂ ಸೇರಿ ಆದ ಖರ್ಚು ಹದಿನೈದು ಕಿಲೋ ಕೊಬ್ಬರಿಯ ಬೆಲೆಯನ್ನು ಮೀರಲಿಲ್ಲ. ಅಟ್ಟದ ಕೊಬ್ಬರಿ ಅಟ್ಟದಲ್ಲಿಯೇ ಇದೆ. ಅದನ್ನು ಮಾರಲು ಇನ್ನೂ ಕಾಯುತ್ತಿದ್ದೇವೆ. ತಾಯಿಯವರು ಸಂಜೆಯ ಹೊತ್ತು ಈಗಲೂ ಗಾಡಿಯ ನೆರಳನ್ನು ಬಿಟ್ಟಿಲ್ಲ. ಪರದೆಯಲ್ಲಿ ಅವರ ಸೀರೆಯ ಅಂಚು ಕೂಡ ಸ್ಪಷ್ಟವಾಗಿ ಕಾಣುತ್ತದೆ. ಆದರೂ ಒಮ್ಮೆ ಇಳಿದು, ಹಿಂದಕ್ಕೆ ಹೋಗಿ, “ಅಮ್ಮಾ, ಸ್ವಲ್ಪ ಜಗಲಿಗೆ ಬರ್ತೀರಾ?” ಎಂದು ಕೇಳಿಯೇ ಹೊರಡುವ ಪದ್ಧತಿಯನ್ನು ನಾವು ಇಟ್ಟುಕೊಂಡಿದ್ದೇವೆ. ಮೆಕ್ಯಾನಿಕ್ಕಿನ ಹುಡುಗನಿಗೆ ಅವರು ಆ ದಿನ ಕೂಲಿಯ ಜೊತೆಗೆ ಹೊಸದಾಗಿ ಕಟ್ಟಿದ ಕಡ್ಡಿಪೊರಕೆಯೊಂದನ್ನೂ ಕೊಟ್ಟು ಕಳುಹಿಸಿದರು.